ಅಂಬರನಾಥದ ಮುರಿದ ಶಿಖರ

ಮುಂಬೈ ಬಳಿಯ ಕಲ್ಯಾಣದಿಂದ ಕರ್ಜತ್ ಲೋಕಲ್ ರೈಲು ಹಿಡಿದರೆ ಅಂಬರನಾಥ ದೂರವಲ್ಲ. ವಾಲಧುನಿ ನದಿಯ ದಂಡೆಯ ಶಿವಾಲಯದಲ್ಲಿ ಶಿಲಾಹಾರ ದೊರೆ ಮುಮ್ಮುಣಿಯ ಕಾಲದ, ಕ್ರಿ.ಶ. 1060ರ ಶಾಸನವಿದೆ. ಶಿಖರದ ತುದಿ ಇಲ್ಲ. ಮೆಟ್ಟಿಲಿಳಿದು ಗರ್ಭಗುಡಿಗೆ ಹೋದರೆ ತಲೆಯ ಮೇಲೆ ಬಯಲು ಆಕಾಶ. ಹೊರಗೋಡೆಯ ಕರಿಕಲ್ಲಿನ ಶಿಲ್ಪಗಳು ಮಳೆಗೆ ಸವೆದಿವೆ. ಸಿಮೆಂಟಿನಲ್ಲಿ ಹೊಸ ಮೂಗು ಕೂರಿಸಬಹುದು, ಆದರೆ ಅದು ಯಾರ ಮೂಗು?

ದುರಸ್ತಿಯೇ ಹೇಗೆ ತೊಡಕಾಗಬಹುದು ಎಂಬುದಕ್ಕೆ ಅಜಂತೆಯ ಗುಹಾಚಿತ್ರಗಳಿಗೆ ಆದದ್ದು ನೋಡಿ. 1920ರಲ್ಲಿ ನಿಜಾಮರ ಸರ್ಕಾರ ಇಟಲಿಯಿಂದ ಚಿತ್ರ ಸಂರಕ್ಷಣಾ ತಜ್ಞ ಚೆಕ್ಕೋನಿಯನ್ನು ಕರೆಸಿತು. ಉದುರುತ್ತಿದ್ದ ಗಾರೆಯನ್ನು ಆತ ಗೋಡೆಗೆ ಅಂಟಿಸಿ ಉಳಿಸಿದ. ಆ ಉಪಕಾರ ಸಣ್ಣದಲ್ಲ. ಆದರೆ ಆತ ಬಳಿದ ಅರಗಿನ ವಾರ್ನಿಶ್ ಬರಬರುತ್ತ ಹಳದಿಗಟ್ಟಿ ಚಿತ್ರಗಳನ್ನೇ ಮಂಕಾಗಿಸಿತು. ಅದನ್ನು ಕರಗಿಸಿ ತೆಗೆಯಲು ಪುರಾತತ್ವ ಇಲಾಖೆಯ ರಸಾಯನಜ್ಞರು ಮುಂದೆ ದಶಕಗಳ ಕಾಲ ಹತ್ತಿ, ದ್ರಾವಕ ಹಿಡಿದು ಕೂರಬೇಕಾಯಿತು.