ತೂಕ ಏರಿತು, ಮೂಳೆ ಬೆಳೆಯಿತೇ?

ಬಿಯರ್ಡೆಡ್ ಡ್ರ್ಯಾಗನ್ ಎಂಬ ಆಸ್ಟ್ರೇಲಿಯದ ಓತಿಯನ್ನು ಸಾಕುವವರಲ್ಲಿ ಒಂದು ಅಭ್ಯಾಸ ಗಟ್ಟಿಯಾಗಿ ಬೇರೂರಿದೆ. ಮರಿಯನ್ನು ಡಿಜಿಟಲ್ ತಕ್ಕಡಿಯ ಮೇಲೆ ಕೂರಿಸುತ್ತಾರೆ, ಬಂದ ಅಂಕಿಯನ್ನು ವಯಸ್ಸಿನ ಪಟ್ಟಿಯ ಪಕ್ಕದಲ್ಲಿಟ್ಟು ನೋಡುತ್ತಾರೆ, ಕಡಿಮೆ ಕಂಡರೆ ಮರುದಿನದಿಂದ ಹುಳು ಹೆಚ್ಚಿಸುತ್ತಾರೆ. ತೂಗುವುದು ಒಳ್ಳೆಯದೇ. ಆದರೆ ಆ ಅಂಕಿಗೆ ನಾವು ಕೊಡುವ ಅರ್ಥ ಹಲವು ಬಾರಿ ತಪ್ಪಾಗುತ್ತದೆ, ಆ ತಪ್ಪಿನ ಬೆಲೆ ತೆರುವುದು ಪ್ರಾಣಿಯ ಮೂಳೆ ಮತ್ತು ಯಕೃತ್ತು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಂಥ ಮಳೆನಾಡಿನಲ್ಲಿ ಈ ಬೆಲೆ ಇನ್ನೂ ಹೆಚ್ಚು. ಹಾಗಾಗಿ ಈ ಸಾಕಣೆಯ ರೀತಿಯನ್ನು ಈ ನೆಲದ ಮೇಲೆ ನಿಂತೇ ಒರೆಗೆ ಹಚ್ಚಬೇಕು.

ಪೊಗೋನಾ ವಿಟಿಸೆಪ್ಸ್ ಎಂಬ ಹೆಸರಿನ ಈ ಜೀವಿಯದು ಪೂರ್ವ ಮತ್ತು ಮಧ್ಯ ಆಸ್ಟ್ರೇಲಿಯದ ಒಣ ಒಳನಾಡು. ಆ ದೇಶ ತನ್ನ ಸರೀಸೃಪಗಳ ವಾಣಿಜ್ಯ ರಫ್ತಿಗೆ ಅವಕಾಶ ಕೊಡುವುದಿಲ್ಲ. ಇಂದು ಮಾರಾಟಕ್ಕೆ ಸಿಗುವವು ಹೊರದೇಶಗಳ ಪಂಜರಗಳಲ್ಲಿ ತಲೆಮಾರುಗಳಿಂದ ಹುಟ್ಟಿಬಂದವು. ಮೊಟ್ಟೆಯೊಡೆದಾಗ ಮರಿ ಎರಡು ಮೂರು ಗ್ರಾಂ ಮಾತ್ರ, ಬಾಲ ಸೇರಿ ಸುಮಾರು 10 ಸೆಂ.ಮೀ. ಉದ್ದ. ಮೊದಲ ವರ್ಷದಲ್ಲಿ ಅದು ಬೆರಗಾಗುವಷ್ಟು ವೇಗವಾಗಿ ಬೆಳೆಯುತ್ತದೆ. ಬಲಿತ ಮೇಲೆ ಉದ್ದ 45ರಿಂದ 60 ಸೆಂ.ಮೀ., ತೂಕ ಸಾಮಾನ್ಯವಾಗಿ 300ರಿಂದ 500 ಗ್ರಾಂ. ಇಷ್ಟು ಅಗಲದ ಅಂತರವೇ ಒಂದು ಎಚ್ಚರಿಕೆ. ಒಂದೇ ವಯಸ್ಸಿನ, ಪೂರ್ತಿ ಆರೋಗ್ಯವಂತ ಎರಡು ಓತಿಗಳ ನಡುವೆಯೂ ನೂರು ಗ್ರಾಂ ವ್ಯತ್ಯಾಸ ಇರಬಹುದು.

ತಕ್ಕಡಿಯ ಗುಣವನ್ನು ಮೊದಲು ಹೇಳಬೇಕು. ಸರೀಸೃಪಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಮರಿಯನ್ನು ವಾರಕ್ಕೊಮ್ಮೆ, ಬಲಿತದ್ದನ್ನು ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ ತೂಗಿ ಬರೆದಿಟ್ಟರೆ ಕಣ್ಣಿಗೆ ಕಾಣದ ಇಳಿಕೆ ಪುಸ್ತಕದಲ್ಲಿ ಕಾಣುತ್ತದೆ. ಚೆನ್ನಾಗಿ ತಿನ್ನುತ್ತಿರುವ ಮರಿಯ ತೂಕ ವಾರಗಟ್ಟಲೆ ಅಲ್ಲೇ ನಿಂತರೆ ಕರುಳಿನಲ್ಲಿ ಕಾಕ್ಸಿಡಿಯಾ ಅಥವಾ ದಾರಹುಳು ಇರಬಹುದು, ಹಿಕ್ಕೆ ಪರೀಕ್ಷೆ ಬೇಕು. ಇಂಥ ಕಡೆ ತಕ್ಕಡಿ ಜೀವ ಉಳಿಸುತ್ತದೆ. ಅಲ್ಲಿ ಹೋಲಿಕೆ ನಡೆಯುವುದು ಆ ಓತಿಯ ನಿನ್ನೆಗೂ ಇಂದಿಗೂ ನಡುವೆ ಎಂಬುದನ್ನು ಗಮನಿಸಬೇಕು. ಬೇರೆಯವರ ಓತಿಯ ಪಟ್ಟಿಯೊಂದಿಗೆ ಹೋಲಿಸಲು ಹೊರಟ ಕ್ಷಣದಿಂದ ಅದೇ ತಕ್ಕಡಿ ದಾರಿ ತಪ್ಪಿಸುತ್ತದೆ.

ಏಕೆಂದರೆ ಗ್ರಾಂ ಎಂಬುದು ಏನು ಹೆಚ್ಚಿತು ಎಂದು ಹೇಳುವುದಿಲ್ಲ. ಹೊಟ್ಟೆಯಲ್ಲಿ ಮೊಟ್ಟೆ ಕಟ್ಟಿದ ಹೆಣ್ಣು ಭಾರವಾಗುತ್ತದೆ, ಮಲಬದ್ಧತೆಯಾದ ಗಂಡೂ ಭಾರವಾಗುತ್ತದೆ. ಬಾಲದ ಬುಡ ತುಂಬಿಕೊಂಡಿದೆಯೇ, ಸೊಂಟದ ಮೂಳೆ ಚೂಪಾಗಿ ಎದ್ದಿದೆಯೇ, ಕಣ್ಣಿನ ಹಿಂದೆ ತಲೆಯ ಮೇಲಿನ ಮೆತ್ತೆ ಗುಳಿಬಿದ್ದಿದೆಯೇ, ನಡೆಯುವಾಗ ಹೊಟ್ಟೆ ನೆಲದಿಂದ ಮೇಲೇಳುತ್ತದೆಯೇ: ಇವನ್ನು ಕೈಯಿಂದಲೂ ಕಣ್ಣಿನಿಂದಲೂ ಓದಬೇಕು. ಒಣನಾಡಿನ ಈ ಓತಿಯದು ಸಿಕ್ಕಾಗ ತಿಂದು, ಹೊಟ್ಟೆಯೊಳಗಿನ ಕೊಬ್ಬಿನ ಗಂಟುಗಳಲ್ಲಿ ಕೂಡಿಟ್ಟು, ಬರದ ದಿನಗಳಲ್ಲಿ ಕರಗಿಸಿಕೊಳ್ಳಲು ಹೇಳಿಮಾಡಿಸಿದ ದೇಹ. ಪಂಜರದಲ್ಲಿ ಬರ ಬರುವುದೇ ಇಲ್ಲ. ಕೊಬ್ಬು ತುಂಬಿದ ಸೂಪರ್‌ವರ್ಮ್ ಹುಳುಗಳು ದಿನವೂ ಬಟ್ಟಲಿಗೆ ಬೀಳುತ್ತವೆ. ಕೂಡಿಟ್ಟದ್ದು ಕರಗದೆ ಕೊನೆಗೆ ಯಕೃತ್ತಿಗೆ ಇಳಿಯುತ್ತದೆ. ಪಟ್ಟಿಯ ಪ್ರಕಾರ ಆ ಓತಿ ‘ಚೆನ್ನಾಗಿದೆ’, ಒಳಗೆ ಅದು ರೋಗಿ.

ಬೆಳೆಯುವ ಮರಿಯ ಅಪಾಯ ಇದಕ್ಕಿಂತ ಕಠೋರ. ಮಾಂಸ ಬೆಳೆಯಲು ಹುಳು ಸಾಕು, ಮೂಳೆ ಬೆಳೆಯಲು ಸುಣ್ಣದ ಅಂಶ ಮತ್ತು ಬಿಸಿಲು ಬೇಕು. 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಯುವಿಬಿ ಕಿರಣ ಚರ್ಮಕ್ಕೆ ತಾಗಿದರೆ ಡಿ3 ಜೀವಸತ್ವ ತಯಾರಾಗುತ್ತದೆ, ಅದಿದ್ದರೆ ಮಾತ್ರ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ. ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ದುಪ್ಪಟ್ಟು ಇರಬೇಕು. ಸಾಕಿದ ಕ್ರಿಕೆಟ್ ಹುಳುಗಳಲ್ಲಿ ಲೆಕ್ಕ ತಲೆಕೆಳಗು, ರಂಜಕವೇ ಹಲವು ಪಟ್ಟು ಹೆಚ್ಚು. ಕ್ಯಾಲ್ಸಿಯಂ ಪುಡಿ ಹೊದಿಸದೆ, ಯುವಿಬಿ ದೀಪ ಹಾಕದೆ ಹುಳು ಮಾತ್ರ ಹೆಚ್ಚಿಸಿದರೆ ದೇಹ ತನ್ನ ಮೂಳೆಯಿಂದಲೇ ಸುಣ್ಣ ಕಿತ್ತುಕೊಳ್ಳುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಬೆರಳು ನಡುಗುತ್ತವೆ. ಇಷ್ಟಾಗುವಾಗಲೂ ತೂಕ ಏರುತ್ತಲೇ ಇರಬಹುದು. ವೇಗದ ಬೆಳವಣಿಗೆಯನ್ನು ಆರೋಗ್ಯವೆಂದು ಕೊಂಡಾಡುವ ಅಭ್ಯಾಸದ ಅತಿ ದೊಡ್ಡ ದೋಷ ಇದು.

ಈಗ ಇದನ್ನು ಘಟ್ಟಕ್ಕೆ ತನ್ನಿ. ಆಸ್ಟ್ರೇಲಿಯದ ನಡುವಿನ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ವರ್ಷದ ಸರಾಸರಿ ಮಳೆ 300 ಮಿ.ಮೀ. ದಾಟುವುದಿಲ್ಲ. ಮೂಡಿಗೆರೆಯ ಮಳೆ 2,000 ಮಿ.ಮೀ.ಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿಯುತ್ತದೆ. ಈ ಓತಿಗೆ ಮೈಕಾಯಿಸಲು 38ರಿಂದ 42 ಡಿಗ್ರಿಯ ಒಂದು ಜಾಗ, ಸುತ್ತ ಒಣಗಾಳಿ ಬೇಕು. ಆಷಾಢದ ಕಳಸದಲ್ಲಿ ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಮೈ ಬಿಸಿಯಾಗದ ಓತಿಯ ಹೊಟ್ಟೆಯಲ್ಲಿ ತಿಂದದ್ದು ಜೀರ್ಣವಾಗದೆ ಕೊಳೆಯುತ್ತದೆ, ತೇವಗಾಳಿಯಲ್ಲಿ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಕಿಟಕಿಯ ಪಕ್ಕ ಇಟ್ಟರೆ ಬಿಸಿಲು ಸಿಗುತ್ತದೆ ಎಂಬ ನಂಬಿಕೆ ಸುಳ್ಳು, ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ದೀಪವೂ ಶಾಶ್ವತವಲ್ಲ. ಕಣ್ಣಿಗೆ ಉರಿಯುವಂತೆ ಕಂಡರೂ ಆರು ತಿಂಗಳಿಂದ ವರ್ಷದೊಳಗೆ ಅದರ ಯುವಿಬಿ ಬತ್ತುತ್ತದೆ. ಇದೆಲ್ಲದರ ಮೇಲೆ, ಮರ ಬಿದ್ದು ತಂತಿ ಹರಿದರೆ ತೋಟದ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಅಂಥ ದಿನ ‘ತೂಕ ಇಳಿದೀತು’ ಎಂದು ತಣ್ಣಗಾದ ಓತಿಗೆ ತಿನ್ನಿಸುವುದು ಅದಕ್ಕೆ ಮಾಡುವ ದೊಡ್ಡ ಅಪಕಾರ. ಬಲಿತ ಓತಿ ಚಳಿಗಾಲದಲ್ಲಿ ತಾನಾಗಿಯೇ ಊಟ ಬಿಟ್ಟು ವಾರಗಟ್ಟಲೆ ಮಲಗುವುದೂ ಉಂಟು. ಆಗ ತೂಕ ಹೆಚ್ಚು ಇಳಿಯದಿದ್ದರೆ ಗಾಬರಿ ಬೇಡ, ಹತ್ತನೇ ಒಂದರಷ್ಟು ಇಳಿದರೆ ವೈದ್ಯರು ಬೇಕು. ಆದರೆ ಸರೀಸೃಪ ಬಲ್ಲ ಪಶುವೈದ್ಯರು ಹೆಚ್ಚಾಗಿ ಸಿಗುವುದು ಬೆಂಗಳೂರಿನಲ್ಲಿ, ಘಟ್ಟದ ಮನೆಯಿಂದ ಒಂದು ಹಗಲಿನ ದಾರಿ.

ಬಟ್ಟಲಿನ ವಿಷಯಕ್ಕೆ ಬಂದರೆ ಈ ನೆಲ ಕೊಡುವುದೂ ಇದೆ, ಎಚ್ಚರಿಸುವುದೂ ಇದೆ. ಬಲಿತ ಓತಿಯ ಊಟದಲ್ಲಿ ಸೊಪ್ಪು ತರಕಾರಿಯೇ ಮುಖ್ಯವಾಗಬೇಕು. ನುಗ್ಗೆಸೊಪ್ಪು ಕ್ಯಾಲ್ಸಿಯಂನ ಕಣಜ, ಸಿಹಿಗುಂಬಳ, ದಾಸವಾಳದ ಹೂ ಒಳ್ಳೆಯವು. ಹಿತ್ತಿಲಲ್ಲಿ ಸೊಂಪಾಗಿ ಬೆಳೆಯುವ ಬಸಳೆ, ಹರಿವೆಯಲ್ಲಿ ಆಕ್ಸಲೇಟ್ ಹೆಚ್ಚು, ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಹಾಗಾಗಿ ದಿನವೂ ಸಲ್ಲ. ಕಾಂಡಕೊರಕಕ್ಕೂ ಬೆರ್ರಿ ಬೋರರ್‌ಗೂ ಔಷಧಿ ಹೊಡೆದ ತೋಟದ ಮಿಡತೆಯನ್ನು ಹಿಡಿದು ಹಾಕಲೇಬಾರದು. ಇನ್ನೊಂದು ಅಪಾಯ ಮುಂಗಾರಿನ ಮೊದಲ ವಾರಗಳಲ್ಲಿ ತೋಟವನ್ನೆಲ್ಲ ಬೆಳಗುವ ಮಿಂಚುಹುಳ. ಅಮೆರಿಕದ ಫೋಟಿನಸ್ ಜಾತಿಯ ಮಿಂಚುಹುಳಗಳ ಮೈಯಲ್ಲಿ ಲೂಸಿಬುಫಾಜಿನ್ ಎಂಬ, ಹೃದಯವನ್ನೇ ನಿಲ್ಲಿಸಬಲ್ಲ ವಿಷವಿದೆ. ಅವನ್ನು ತಿಂದ ಬಿಯರ್ಡೆಡ್ ಡ್ರ್ಯಾಗನ್‌ಗಳು ಸತ್ತದ್ದು ದಾಖಲಾಗಿದೆ. ನಮ್ಮ ಮಿಂಚುಹುಳದ ಮೇಲೆ ಆ ಪ್ರಯೋಗ ಮಾಡಿ ನೋಡುವ ಅಗತ್ಯ ಯಾರಿಗೂ ಇಲ್ಲ. ರಾತ್ರಿ ದೀಪಕ್ಕೆ ಬಂದ ಹುಳು ಟ್ಯಾಂಕಿನೊಳಗೆ ನುಸುಳದಂತೆ ಸಣ್ಣಕಣ್ಣಿನ ಜಾಲರಿ ಹಾಕಬೇಕು.

ಈ ಚರ್ಚೆಗೆ ಮೂಡಿಗೆರೆಯದೇ ಒಂದು ಓತಿ ಬೆಳಕು ಚೆಲ್ಲುತ್ತದೆ. ಪೂರ್ಣಚಂದ್ರ ತೇಜಸ್ವಿ 1980ರಲ್ಲಿ ಪ್ರಕಟಿಸಿದ ‘ಕರ್ವಾಲೋ’ ಕಾದಂಬರಿಯಿಂದ ಕನ್ನಡಿಗರ ಮನೆಮಾತಾದ ಹಾರುವ ಓತಿ, ಡ್ರೇಕೊ ದುಸ್ಸುಮಿಯೆರಿ, ಬಿಯರ್ಡೆಡ್ ಡ್ರ್ಯಾಗನ್‌ನ ದಾಯಾದಿ. ಎರಡೂ ಅಗಾಮಿಡೇ ಕುಟುಂಬದವು. ಆದರೆ ಬದುಕು ಎಷ್ಟು ಬೇರೆ! ಹಾರುವ ಓತಿ ಅಡಿಕೆ ಮರದ ಕಾಂಡದ ಮೇಲೆ ಸಾಲುಗಟ್ಟಿದ ಇರುವೆಗಳನ್ನು ಆಯುತ್ತ, ಪಕ್ಕೆಲುಬು ಚಾಚಿ ರೆಕ್ಕೆಯಂಥ ತೊಗಲನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಅದರ ಆರೋಗ್ಯ ಇರುವುದೇ ಹಗುರತನದಲ್ಲಿ. ಮರಳುನಾಡಿನ ದಾಯಾದಿಗೆ ಕೊಬ್ಬಿನ ಗಂಟು ಆಸ್ತಿಯಾದರೆ ಇದಕ್ಕೆ ಅದು ಹೊರೆ. ಕಾದಂಬರಿಯ ಕೊನೆಗೆ ಆ ಓತಿ ಹುಡುಕಿಬಂದವರ ಕೈಗೆ ಸಿಗದೆ ತೇಲಿ ಹೋಗುತ್ತದೆ. ಅದು ಸಿಕ್ಕಿದ್ದರೂ ಪಂಜರದಲ್ಲಿ ಅದಕ್ಕೆ ಇರುವೆಯ ಸಾಲನ್ನೂ ಮರಗಳ ನಡುವಿನ ಅಂತರವನ್ನೂ ಕೊಡಲು ಯಾರಿಗೂ ಸಾಧ್ಯವಿರಲಿಲ್ಲ. ಒಂದು ಜೀವಿಯ ಸರಿಯಾದ ತೂಕ ಎಂದರೆ ಅದು ಬದುಕಬೇಕಾದ ಬದುಕಿಗೆ ಒಪ್ಪುವ ತೂಕ. ಆ ಬದುಕನ್ನು ಬಿಟ್ಟು ಅಂಕಿಯನ್ನು ಮಾತ್ರ ನೋಡಿದರೆ ಎರಡರಲ್ಲಿ ಯಾವ ಓತಿಯನ್ನೂ ಅರ್ಥ ಮಾಡಿಕೊಳ್ಳಲಾಗದು.

ಆದ್ದರಿಂದ ನನ್ನ ತೀರ್ಮಾನ ನೇರವಾದದ್ದು. ತಕ್ಕಡಿ ಇರಲಿ, ಅದರ ಜತೆಗೆ ಉಷ್ಣಮಾಪಕ, ತೇವಮಾಪಕ, ದೀಪ ಬದಲಿಸಿದ ತಾರೀಕು, ಊಟದ ಪಟ್ಟಿ ಒಂದೇ ಪುಸ್ತಕದಲ್ಲಿ ಇರಲಿ. ಅವಿಲ್ಲದ ತೂಕದ ದಾಖಲೆಯಿಂದ ಪ್ರಯೋಜನವಿಲ್ಲ. ಮಳೆಗಾಲದ ಮಲೆನಾಡಿನಲ್ಲಿ ಶಾಖ ಮತ್ತು ಬೆಳಕನ್ನು ಇನ್ವರ್ಟರ್ ಅಥವಾ ಜನರೇಟರ್ ಬಲದಿಂದ ಹತ್ತು ವರ್ಷ ಕಾಯಬಲ್ಲವರು ಸಾಕಲಿ, ಅಂಥವರ ಕೈಯಲ್ಲಿ ಈ ಓತಿ ಚೆನ್ನಾಗಿ ಬಾಳುತ್ತದೆ. ಆಗದವರು ತರದಿರುವುದೇ ಪ್ರಾಣಿಗೆ ತೋರುವ ಪ್ರೀತಿ. ಅವರ ತೋಟದ ಬೇಲಿ, ಕಲ್ಲುಬಂಡೆ, ಅಡಿಕೆ ಮರಗಳ ಮೇಲೆ ಅದೇ ಕುಟುಂಬದ ಓತಿಗಳು ತಮ್ಮ ಬಿಸಿಲನ್ನೂ ಬೇಟೆಯನ್ನೂ ತಾವೇ ಹುಡುಕಿಕೊಂಡು ಬೆಳೆಯುತ್ತಿವೆ. ಔಷಧಿ ಹೊಡೆಯುವುದನ್ನು ಕಡಿಮೆ ಮಾಡಿ ನೆರಳುಮರ ಉಳಿಸಿಕೊಂಡರೆ ಆ ಓತಿಗಳಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇಕಿಲ್ಲ.