ಗಾಳಿ ಮೊದಲು, ಸೈಲೆನ್ಸರ್ ಆಮೇಲೆ

ದಕ್ಷಿಣ ಕನ್ನಡದ ಕೋಡಿಂಬಾಳದಿಂದ ಬೈಕ್ ಹೊರಡಿಸಿ ಮೂಡಣಕ್ಕೆ ಮುಖ ಮಾಡಿದರೆ ಘಟ್ಟ ಹತ್ತದೆ ಗತ್ಯಂತರವಿಲ್ಲ. ಗುಂಡ್ಯದ ಮೇಲೆ ಹೋದರೆ ಶಿರಾಡಿ, ಕುಲ್ಕುಂದದ ಕಡೆಯಿಂದ ಬಿಸಿಲೆ, ಸುಳ್ಯಕ್ಕೆ ಬಳಸಿ ಹೋದರೆ ಸಂಪಾಜೆ. ಕ್ರೂಸರ್ ಬೈಕಿನ ಮೂಲ ಅಮೆರಿಕದ ನೇರ ಹೆದ್ದಾರಿ. ಆದರೆ ನಮ್ಮ ಕಡೆಯ ಸವಾರ ಅದನ್ನು ಮೆಚ್ಚಿಕೊಂಡದ್ದು ಏರಿನ ಗುಣಕ್ಕಾಗಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಪದೇ ಪದೇ ಗೇರು ಇಳಿಸದೆ, ತಿರುವಿನಿಂದ ತಿರುವಿಗೆ ಒಂದೇ ಹದದಲ್ಲಿ ಹತ್ತುವ ಆ ಪುಲ್ಲಿಂಗ್ ಬೇರೆ ಬೈಕುಗಳಲ್ಲಿ ಸಿಗುವುದಿಲ್ಲ. ಅದನ್ನು ಇನ್ನಷ್ಟು ಹೆಚ್ಚಿಸಿಕೊಳ್ಳಬೇಕೆಂದು ಬಹಳ ಮಂದಿ ಸೈಲೆನ್ಸರ್ ಬದಲಿಸುತ್ತಾರೆ. ಬದಲಿಸಿದ ಮೇಲೆ ಕಳೆದುಕೊಳ್ಳುವುದೂ ಅದನ್ನೇ.

ಲೆಕ್ಕ ಸರಳವಾಗಿದೆ. 2020ರ ನವೆಂಬರಿನಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯೋರ್ ಈಗ ನಮ್ಮ ಊರುಗಳಲ್ಲೂ ಪರಿಚಿತ. 349 ಸಿಸಿಯ ಒಂದೇ ಸಿಲಿಂಡರ್, 4000 ಆರ್‌ಪಿಎಮ್‌ನಲ್ಲಿ 27 ನ್ಯೂಟನ್ ಮೀಟರ್ ಟಾರ್ಕ್. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆದುಕೊಳ್ಳುತ್ತದೆ. 4000 ಸುತ್ತಿಗೆ 2000 ಸಲ. ಪ್ರತಿ ಸಲವೂ ಸಿಲಿಂಡರ್ ಪೂರ್ತಿ ತುಂಬಿದರೆ ನಿಮಿಷಕ್ಕೆ ಸುಮಾರು 700 ಲೀಟರ್ ಗಾಳಿ. ಅಷ್ಟು ಗಾಳಿಯ ತೂಕಕ್ಕೆ ತಕ್ಕ ಪೆಟ್ರೋಲ್ ಸೇರಬೇಕು. ಶುದ್ಧ ಪೆಟ್ರೋಲಿಗಾದರೆ 14.7 ಪಾಲು ಗಾಳಿಗೆ ಒಂದು ಪಾಲು. ಉರಿದದ್ದೆಲ್ಲ ಹೊರಗೆ ಹೋಗಬೇಕು. ಒಳಬರುವ ಗಾಳಿ, ಬೆರೆಯುವ ಇಂಧನ, ಹೊರಹೋಗುವ ಹೊಗೆ ಈ ಮೂರೂ ಒಂದೇ ಉಸಿರು. ಅಮೆರಿಕದ ಹಾರ್ಲೆ ಪ್ರಿಯರು ‘ಸ್ಟೇಜ್ ಒನ್’ ಎಂದು ಕರೆಯುವ ಮೊದಲ ಹಂತದ ಕೆಲಸದಲ್ಲೂ ಫಿಲ್ಟರ್, ಸೈಲೆನ್ಸರ್, ಇಂಧನದ ಮ್ಯಾಪ್ ಮೂರೂ ಒಟ್ಟಿಗೇ ಬರುತ್ತವೆ. ಅಲ್ಲಿಂದ ನಾವು ತಂದುಕೊಂಡದ್ದು ಸೈಲೆನ್ಸರನ್ನು ಮಾತ್ರ.

ಸೈಲೆನ್ಸರ್ ಹೊಗೆಗೆ ಅಡ್ಡ, ಅದನ್ನು ತೆಗೆದಷ್ಟೂ ಬೈಕ್ ಹಗುರ ಎಂಬ ನಂಬಿಕೆ ಇದೆ. ಅದು ಅರ್ಧ ಮಾತ್ರ ನಿಜ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಹೊಗೆಯ ಜೊತೆಗೆ ಒತ್ತಡದ ಅಲೆಯೊಂದು ಬೆಂಡ್ ಪೈಪಿನಲ್ಲಿ ಓಡುತ್ತದೆ. ಪೈಪ್ ಮುಗಿದು ಅಗಲವಾಗುವ ಜಾಗದಲ್ಲಿ ಅದು ತಿರುಗಿ, ಈ ಸಲ ಎಳೆಯುವ ಅಲೆಯಾಗಿ ವಾಲ್ವಿನ ಕಡೆಗೆ ವಾಪಸು ಬರುತ್ತದೆ. ಎರಡೂ ವಾಲ್ವ್‌ಗಳು ಅರೆತೆರೆದಿರುವ ಕ್ಷಣಕ್ಕೆ ಅದು ಸರಿಯಾಗಿ ಬಂದು ತಲುಪಿದರೆ ಉಳಿದ ಹೊಗೆಯನ್ನು ಹೊರಗೆಳೆದು, ಹೊಸ ಗಾಳಿಯನ್ನೂ ಒಳಕ್ಕೆ ಸೆಳೆಯುತ್ತದೆ. ಪೈಪಿನ ಉದ್ದ, ಅಗಲ, ಸೈಲೆನ್ಸರ್ ಒಳಗಿನ ಕೋಣೆಗಳು ಎಲ್ಲವೂ ಈ ಅಲೆಯ ಲೆಕ್ಕ. ಕ್ರೂಸರ್ ತಯಾರಿಸುವವರು ಆ ಲೆಕ್ಕವನ್ನು ಕಡಿಮೆ ಆರ್‌ಪಿಎಮ್‌ಗೆ ಹೊಂದಿಸಿರುತ್ತಾರೆ. ಗಿಡ್ಡ ಪೈಪ್ ಹಾಕಿದರೆ, ಇಲ್ಲವೇ ಒಳಗಿನ ಜಾಲರಿ ಕಿತ್ತರೆ, ಲಾಭ ಮೇಲಿನ ಆರ್‌ಪಿಎಮ್‌ಗೆ ಸರಿಯುತ್ತದೆ. ಏರಿನಲ್ಲಿ ನಾವು ಗಾಡಿ ಓಡಿಸುವುದು ಎರಡೂವರೆ ಮೂರು ಸಾವಿರದ ಆಸುಪಾಸಿನಲ್ಲಿ. ಅಲ್ಲಿಯೇ ಹಳ್ಳ ಬೀಳುತ್ತದೆ.

ಯೆಜ್ಡಿ ಓಡಿಸಿದವರಿಗೆ ಈ ಪಾಠ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರ ತನಕ ಹೊರಬಂದ ಜಾವಾ, ಯೆಜ್ಡಿ ಗಾಡಿಗಳು ಘಟ್ಟದ ಮೇಲೂ ಕೆಳಗೂ ಓಡಿದವು. 250 ಸಿಸಿ ಯೆಜ್ಡಿಯ ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ. ಹೊಗೆಯ ಕಿಂಡಿಯಿಂದ ಹೊಸ ಮಿಶ್ರಣವೂ ಜಾರಿ ಹೋಗದಂತೆ ತಡೆಯುವ ಕೆಲಸದಲ್ಲಿ ಸೈಲೆನ್ಸರಿನ ಒತ್ತಡಕ್ಕೂ ಪಾಲಿದೆ. ಆದ್ದರಿಂದಲೇ ಹಳೇ ಮೆಕ್ಯಾನಿಕರು ಒಳಗಿನ ಜಾಲರಿ ಹೊರತೆಗೆದು, ಎಣ್ಣೆಮಸಿ ಸುಟ್ಟು, ಕೆರೆದು, ಅದೇ ಜಾಗಕ್ಕೆ ಮರಳಿ ಕೂರಿಸುತ್ತಿದ್ದರು. ಅದನ್ನು ಬಿಸಾಡಿದ ಗಾಡಿ ಸದ್ದಿನಲ್ಲಿ ಮುಂದು, ಏರಿನಲ್ಲಿ ಹಿಂದು.

ಗಾಳಿಯ ಕಡೆ ಬರೋಣ, ಮೊದಲ ಗಮನ ಹರಿಯಬೇಕಾದದ್ದು ಇಲ್ಲಿಗೆ. ಬೇಸಿಗೆ ಮುಗಿಯುವ ಹೊತ್ತಿಗೆ ಫಿಲ್ಟರ್ ಬಾಕ್ಸಿನ ಮುಚ್ಚಳ ಬಿಚ್ಚಿ ನೋಡಿ. ಕಾಗದದ ಮಡಿಕೆಗಳ ಸಂದಿಯಲ್ಲಿ ಮುರಕಲ್ಲಿನ ಕೆಂಪು ದೂಳು ಹಿಟ್ಟಿನಂತೆ ಕೂತಿರುತ್ತದೆ. ಪೆಟ್ಟಿಗೆಯ ತಳದಲ್ಲಿ ನೀರು ಬಸಿಯಲೆಂದು ಕೊಟ್ಟ ಸಣ್ಣ ರಬ್ಬರ್ ನಳಿಗೆಯಿರುತ್ತದೆ. ಅದನ್ನು ಹಿಂಡಿದರೆ ಎಣ್ಣೆ, ನೀರು, ಮಣ್ಣು ಬೆರೆತ ಕಂದು ದ್ರವ ಸುರಿಯುತ್ತದೆ. ಫಿಲ್ಟರಿನ ಅಂಚಿನ ರಬ್ಬರ್ ಒಂದು ಕಡೆ ಚಪ್ಪಟೆಯಾಗಿ ಬಿಗಿ ತಪ್ಪಿದ್ದರೆ, ಆ ಜಾಗದಿಂದ ಒಳಬದಿಗೆ ಕೆಂಪು ಗೆರೆಯೊಂದು ಹೋಗಿರುತ್ತದೆ. ಎಂಜಿನ್ ಸವೆಯುವುದು ಆ ಗೆರೆಯಿಂದ. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡ ಎಚ್ಚರಿಕೆ ಬೈಕಿನಲ್ಲಿ ಇನ್ನೊಂದಿಲ್ಲ.

ಪೆಟ್ಟಿಗೆಯನ್ನೇ ಕಿತ್ತು, ಶಂಕುವಿನಾಕಾರದ ಬಯಲು ಫಿಲ್ಟರನ್ನು ನೇರ ಸಿಕ್ಕಿಸುವ ಪದ್ಧತಿ ಒಣ ಸೀಮೆಗೆ ಆದೀತು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ. ಎದುರಿನಿಂದ ಬಸ್ಸೊಂದು ಬಂದು ರಾಚುವ ಕೆಸರು ನೀರು ಸೀದಾ ಆ ಫಿಲ್ಟರಿಗೆ. ಅದಲ್ಲದೆ ಎಂಜಿನ್ನಿನ ಬಿಸಿಗೆ ಕಾದ ಗಾಳಿಯನ್ನೇ ಅದು ಎಳೆಯುತ್ತದೆ. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ. ಪೆಟ್ಟಿಗೆ ಮಾಡುವುದು ದೂಳು ತಡೆಯುವ ಕೆಲಸವೊಂದನ್ನೇ ಅಲ್ಲ. ತಣ್ಣಗಿನ, ಅಲುಗದ ಗಾಳಿಯನ್ನು ಕೂಡಿಟ್ಟು ಕೊಡುವ ಕೆಲಸವೂ ಅದರದೇ. ಆದ್ದರಿಂದ ಪೆಟ್ಟಿಗೆ ಇದ್ದಂತೆ ಇರಲಿ, ಒಳಗಿನ ಫಿಲ್ಟರ್ ಬದಲಿಸಿ. ಎಣ್ಣೆ ಹಚ್ಚಿದ ಹತ್ತಿಬಟ್ಟೆಯ ಫಿಲ್ಟರ್ ತೊಳೆದು ಬಳಸಲು ಬರುತ್ತದೆ, ಗಾಳಿಗೂ ಸಲೀಸು. ಆದರೆ ಎಣ್ಣೆ ಹದವಾಗಿರಬೇಕು. ಕಡಿಮೆಯಾದರೆ ನುಣ್ಣನೆ ದೂಳು ನುಗ್ಗುತ್ತದೆ, ಹೆಚ್ಚಾದರೆ ಗಾಳಿ ಕಟ್ಟುತ್ತದೆ. ಮಣ್ಣು ರಸ್ತೆಯಲ್ಲೇ ದಿನವೂ ತೋಟಕ್ಕೆ ಹೋಗಿಬರುವವರಿಗೆ ಕಂಪನಿಯ ಕಾಗದದ ಫಿಲ್ಟರನ್ನೇ ಬೇಗ ಬೇಗ ಬದಲಿಸುವುದು ಲೇಸು.

ಗಾಳಿ ಹೆಚ್ಚಿತೆಂದರೆ ಇಂಧನವೂ ಹೆಚ್ಚಬೇಕು. ಹಳೇ ಥಂಡರ್‌ಬರ್ಡ್, ಅವೆಂಜರ್‌ಗಳ ಕಾರ್ಬೊರೇಟರಿನಲ್ಲಿ ಇದಕ್ಕೆ ಪೆಟ್ರೋಲ್ ಹರಿಯುವ ಜೆಟ್ ಬದಲಿಸಬೇಕು. ಇಲ್ಲವಾದರೆ ಥ್ರಾಟಲ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿತ, ಬೆಂಡ್ ಪೈಪಿಗೆ ನೀಲಿ ಬಣ್ಣ, ಪ್ಲಗ್ಗಿನ ತುದಿ ಬಿಳಿ. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಹದ ಸರಿಯಿದೆ ಎಂದರ್ಥ. ಈಗಿನ ಇ20 ಪೆಟ್ರೋಲಿನ ಎಥೆನಾಲ್‌ನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದೇ ಗಾಳಿಗೆ ಇನ್ನಷ್ಟು ಇಂಧನ ಬೇಕು. ಹಳೇ ಜೆಟ್ಟಿನಲ್ಲಿ ಮಿಶ್ರಣ ಇನ್ನೂ ತೆಳುವಾಗುತ್ತದೆ. ಘಟ್ಟ ಹತ್ತಿದಂತೆ ಲೆಕ್ಕ ತಿರುಗುತ್ತದೆ. 900 ಮೀಟರಿಗೂ ಮೇಲಿರುವ ಸಕಲೇಶಪುರದಲ್ಲಿ ಗಾಳಿ ಕರಾವಳಿಯದಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ತೆಳು. ಕೆಳಗೆ ಹದವಾಗಿದ್ದ ಕಾರ್ಬೊರೇಟರ್ ಮೇಲೆ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಹಾಗಾಗಿ ಜೆಟ್ ಆರಿಸುವಾಗ ಓಡಾಟ ಎಲ್ಲಿ ಹೆಚ್ಚು ಎಂಬುದನ್ನು ಮೆಕ್ಯಾನಿಕರಿಗೆ ಹೇಳಲೇಬೇಕು.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಹೊಗೆ ನಿಯಮದ ಗಾಡಿಗಳಲ್ಲಿ ಆಕ್ಸಿಜನ್ ಸೆನ್ಸರ್ ಹೊಗೆಯನ್ನು ಅಳೆದು ಮಿಶ್ರಣ ತಿದ್ದುತ್ತದೆ. ಬರೀ ಫಿಲ್ಟರ್ ಬದಲಿಸಿದರೆ ಆಗುವ ವ್ಯತ್ಯಾಸವನ್ನು ಅದೇ ಸರಿದೂಗಿಸಬಲ್ಲದು. ಥ್ರಾಟಲ್ ಪೂರ್ತಿ ತಿರುವಿದಾಗ ಮಾತ್ರ ಎಂಜಿನ್ ನಿಯಂತ್ರಿಸುವ ಇಸಿಯು ಮೊದಲೇ ಬರೆದಿಟ್ಟ ಕೋಷ್ಟಕವನ್ನೇ, ಅಂದರೆ ಮ್ಯಾಪನ್ನೇ, ನಂಬುತ್ತದೆ. ಆ ಕೋಷ್ಟಕ ತಿದ್ದಲು ಅಮೆರಿಕದ ಕಡೆ ನೋಡಬೇಕಾಗಿಲ್ಲ. ಬೆಂಗಳೂರಿನ ರೇಸ್ ಡೈನಮಿಕ್ಸ್‌ನವರ ಪವರ್‌ಟ್ರಾನಿಕ್ ಈ ಕೆಲಸಕ್ಕೆಂದೇ ಇದೆ. ಕಂಪನಿಯ ಇಸಿಯುಗೆ ಜೊತೆಯಾಗಿ ಕೂತು, ಇಂಧನವನ್ನೂ ಕಿಡಿಯ ಸಮಯವನ್ನೂ ಹೊಂದಿಸುತ್ತದೆ.

ನಮ್ಮ ಸೀಮೆಯ ಸೈಲೆನ್ಸರಿಗೆ ಇನ್ನೊಂದು ಶತ್ರು ಒಳಗೇ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಕೋಡಿಂಬಾಳದಿಂದ ಕಡಬ ಪೇಟೆಗೆ ಹೋಗಿ ಸಾಮಾನು ತಂದು ನಿಲ್ಲಿಸುವಷ್ಟರಲ್ಲಿ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ. ಆವಿ ನೀರಾಗಿ ಒಳಗೇ ನಿಲ್ಲುತ್ತದೆ. ಹೊರಗಿನ ಕ್ರೋಮ್ ಹೊಳೆಯುತ್ತಿರುವಾಗಲೇ ಒಳಗೋಡೆ ತುಕ್ಕು ಹಿಡಿದು ಉದುರುತ್ತದೆ. ಸೈಲೆನ್ಸರ್ ಬದಲಿಸುವುದಾದರೆ ಮೊದಲು ಸ್ಟೇನ್‌ಲೆಸ್ ಸ್ಟೀಲ್ ಕೇಳಿ, ತಳದಲ್ಲಿ ನೀರು ಬಸಿಯುವ ಸಣ್ಣ ತೂತು ಇದೆಯೇ ನೋಡಿ, ಬಾಯಿಗೆ ಟಾರ್ಚ್ ಹಿಡಿದು ಬೆಸುಗೆಯ ಗಂಟು ಒಳಕ್ಕೆ ಉಬ್ಬಿದೆಯೇ ಪರೀಕ್ಷಿಸಿ. ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲಿದೆ ಎಂದೂ ತಿಳಿದುಕೊಳ್ಳಿ. ಅದು ಸೈಲೆನ್ಸರಿನ ಒಳಗೇ ಇದ್ದರೆ ಆ ಸೈಲೆನ್ಸರಿಗೆ ಕೈಹಚ್ಚಬಾರದು.

ಶಬ್ದದ ಮೇಲೆ ನನಗೆ ಅಪಾರ ಪ್ರೀತಿಯಿದೆ. ಐಡಲ್‌ನಲ್ಲಿ ನಿಮಿಷಕ್ಕೆ ಸಾವಿರ ಸುತ್ತು ಎಂದರೆ ಸೆಕೆಂಡಿಗೆ ಎಂಟು ಬಡಿತ. ಕಿವಿ ಒಂದೊಂದನ್ನೂ ಬೇರೆಯಾಗಿ ಹಿಡಿಯುತ್ತದೆ. ಎರಡೂವರೆ ಸಾವಿರಕ್ಕೆ ಏರಿದರೆ ಸೆಕೆಂಡಿಗೆ ಇಪ್ಪತ್ತು, ಬಡಿತಗಳು ಸೇರಿ ತುಂಬು ನಾದವಾಗುತ್ತವೆ. ಈ ದಾಟುವಿಕೆಯ ಸೊಗಸು ಹಿತಮಿತದ ಸೈಲೆನ್ಸರಿನಲ್ಲಿ ಮಾತ್ರ ಕೇಳುತ್ತದೆ. ಕಿವಿಗಡಚಿಕ್ಕುವ ಪೈಪಿನಲ್ಲಿ ಮೊದಲಿನಿಂದ ಕೊನೆಯವರೆಗೂ ಒಂದೇ ಅರಚಾಟ. ಕಾನೂನೂ ಸ್ಪಷ್ಟವಾಗಿದೆ. 175 ಸಿಸಿ ಮೀರಿದ ಬೈಕುಗಳಿಗೆ ತಯಾರಿಕೆಯ ಹಂತದಲ್ಲಿ 2003ರಿಂದ ವಿಧಿಸಿದ ಶಬ್ದಮಿತಿ 80 ಡೆಸಿಬೆಲ್. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಅದೇ ಕಾಯ್ದೆಯ 190(2)ರ ಅಡಿ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಬಿಸಿಲೆಯ ರಕ್ಷಿತಾರಣ್ಯದ ನಡುವೆ ಸಾಗುವ ರಸ್ತೆಯಲ್ಲಿ ಈ ಮಿತಿಯನ್ನು ಕಾನೂನಿಗೆ ಹೆದರಿ ಪಾಲಿಸಬೇಕಾಗಿಲ್ಲ. ಕಾಡಿನ ಮೇಲಿನ ಗೌರವವೇ ಸಾಕು.

ಹಾಗಾದರೆ ಕೈಯಲ್ಲಿ ಸ್ವಲ್ಪ ದುಡ್ಡಿರುವ ಕ್ರೂಸರ್ ಸವಾರ ಏನು ಮಾಡಬೇಕು? ಮೊದಲು ಹೊಸ ಫಿಲ್ಟರ್, ಬಿಗಿಯಾದ ರಬ್ಬರ್ ಅಂಚು, ಸೋರದ ಇನ್‌ಟೇಕ್ ಜೋಡಣೆ. ಆಮೇಲೆ ಸಿಲಿಂಡರ್ ಹೆಡ್ಡಿಗೂ ಬೆಂಡ್ ಪೈಪಿಗೂ ನಡುವಿನ ಗ್ಯಾಸ್ಕೆಟ್. ಅಲ್ಲಿ ಹೊರಗಾಳಿ ನುಸುಳಿದರೆ ಸೆನ್ಸರಿಗೆ ದಾರಿ ತಪ್ಪುತ್ತದೆ. ನಂತರ ಜೆಟ್ ಅಥವಾ ಮ್ಯಾಪ್. ಇವೆಲ್ಲ ಆದ ಮೇಲೂ ಹಳೇ ಸೈಲೆನ್ಸರ್ ತುಕ್ಕು ಹಿಡಿದಿದ್ದರೆ, ಕಂಪನಿಯೇ ಆ ಮಾಡೆಲಿಗೆಂದು ಒಪ್ಪಿ ಮಾರುವ ಸೈಲೆನ್ಸರ್ ಹಾಕಿಸಿ. ಬಳಿಕ ಗುಂಡ್ಯ ದಾಟಿ ಶಿರಾಡಿಯ ಏರಿಗೆ ಹೋಗಿ. ಮೊದಲು ಮೂರನೇ ಗೇರಿಗೆ ಇಳಿಸುತ್ತಿದ್ದ ತಿರುವನ್ನು ನಾಲ್ಕರಲ್ಲೇ ದಾಟಿದರೆ ಖರ್ಚು ಸಾರ್ಥಕ. ಸದ್ದು ಮಾತ್ರ ಹೆಚ್ಚಿ ಗೇರು ಇಳಿಸುವುದು ತಪ್ಪದಿದ್ದರೆ, ಕಳಚಿಟ್ಟ ಭಾಗವನ್ನು ಮರಳಿ ಕೂರಿಸಿ, ಮತ್ತೆ ಫಿಲ್ಟರಿನಿಂದ ಶುರುಮಾಡಿ.