ಹನ್ನಳ ಹಾಡಿನಲ್ಲಿ ಇನ್ನೂ ಹುಟ್ಟದ ರಾಜ

ಹೀಬ್ರೂ ಬೈಬಲ್ಲಿನ ಹನ್ನಳನ್ನು ಹೊಗಳುವವರು ಸಾಮಾನ್ಯವಾಗಿ ಎತ್ತಿಕೊಳ್ಳೋದು ಅವಳ ತಾಳ್ಮೆಯನ್ನು. ಮಕ್ಕಳಿಲ್ಲ, ಸವತಿ ಚುಚ್ಚುತ್ತಾಳೆ, ಇವಳು ಅತ್ತು ಪ್ರಾರ್ಥಿಸುತ್ತಾಳೆ, ದೇವರು ಮಗನನ್ನು ಕೊಡುತ್ತಾನೆ. ಕತೆ ಮುಗೀತು. ನಾನು ಬೆಳೆದ ಊರಲ್ಲೂ ಮಕ್ಕಳಾಗದ ಹೆಂಗಸರಿಗೆ ಸಿಗುತ್ತಿದ್ದ ಬಿಟ್ಟಿ ಸಲಹೆ ಅದೇ: ತಾಳ್ಮೆ ಇರಲಿ, ಒಂದು ಹರಕೆ ಹೊತ್ಕೋ. ಆದರೆ ಒಂದನೆಯ ಸಮುವೇಲ ಪುಸ್ತಕದ ಮೊದಲೆರಡು ಅಧ್ಯಾಯಗಳನ್ನು ಕೂತು ಓದಿದಾಗ ತಾಳ್ಮೆಯ ಹೆಂಗಸು ನನಗೆ ಕಾಣಲೇ ಇಲ್ಲ.

ಗಂಡ ಎಲ್ಕಾನ ಒಳ್ಳೆಯವನೇ. ಹತ್ತು ಗಂಡುಮಕ್ಕಳಿಗಿಂತ ನಾನೇ ಹೆಚ್ಚಲ್ವಾ ಅಂತ ಸಮಾಧಾನ ಮಾಡ್ತಾನೆ. ಅವಳು ಉತ್ತರವನ್ನೇ ಕೊಡುವುದಿಲ್ಲ. ಎದ್ದು ಶೀಲೋವಿನ ಗುಡಿಗೆ ಹೋಗಿ ದೇವರ ಹತ್ತಿರ ನೇರವಾಗಿ ಕರಾರು ಮಾಡಿಕೊಳ್ಳುತ್ತಾಳೆ: ಮಗನನ್ನು ಕೊಟ್ಟರೆ ವಾಪಸ್ ನಿನಗೇ ಕೊಡ್ತೀನಿ. ತುಟಿ ಮಾತ್ರ ಆಡುತ್ತಿದೆ, ದನಿ ಇಲ್ಲ. ಯಾಜಕ ಏಲಿ ನೋಡಿ, ಕುಡಿದು ಬಂದಿದ್ದಾಳೆ ಅಂದುಕೊಂಡು ಗದರುತ್ತಾನೆ. ಅವಳು ತಲೆ ತಗ್ಗಿಸಿ ಹೋಗುವುದಿಲ್ಲ. ನಾನು ಕುಡಿದಿಲ್ಲ, ನನ್ನನ್ನು ಅಯೋಗ್ಯ ಹೆಂಗಸು ಅಂತ ತಿಳೀಬೇಡಿ ಅಂತ ತಿದ್ದುತ್ತಾಳೆ. ಅವಳು ಇಲ್ಲಿ ಬಳಸುವ ಹೀಬ್ರೂ ಪದ 'ಬೆಲಿಯಾಳ್'. ಮುಂದಿನ ಅಧ್ಯಾಯದಲ್ಲಿ ಅದೇ ಪದ ಬರುತ್ತದೆ, ಯಾರಿಗೆ ಗೊತ್ತಾ? ಏಲಿಯ ಇಬ್ಬರು ಗಂಡುಮಕ್ಕಳಿಗೆ. ಮುಂದೆ ಯೆಹೂದಿ ತಾಲ್ಮುಡ್, ಪ್ರಾರ್ಥನೆ ಹೇಗೆ ಮಾಡಬೇಕು ಅನ್ನುವ ನಿಯಮಗಳನ್ನು ತೆಗೆದುಕೊಂಡಿದ್ದು ಯಾಜಕ ಅಪಾರ್ಥ ಮಾಡಿಕೊಂಡ ಈ ಹೆಂಗಸಿನಿಂದ.

ಇನ್ನು ಅವಳ ಹಾಡು. ಬಲಿಷ್ಠರ ಬಿಲ್ಲು ಮುರಿಯುತ್ತದೆ, ಹಸಿದವರ ಹೊಟ್ಟೆ ತುಂಬುತ್ತದೆ, ತಿಪ್ಪೆಯಲ್ಲಿದ್ದ ಬಡವ ದೊರೆಗಳ ಸಾಲಿನಲ್ಲಿ ಕೂರುತ್ತಾನೆ. ಕೊನೆಯಲ್ಲಿ ದೇವರು ತನ್ನ ರಾಜನಿಗೆ ಬಲ ಕೊಟ್ಟು, ತನ್ನ 'ಮಾಶೀಅಖ್', ಅಂದರೆ ಅಭಿಷಿಕ್ತನ, ಕೊಂಬನ್ನು ಎತ್ತುತ್ತಾನೆ. ಮೆಸ್ಸೀಯ ಅನ್ನುವ ಮಾತು ಹುಟ್ಟಿದ್ದು ಈ ಪದದಿಂದಲೇ. ಹಿಂದೆ ಯಾಜಕಕಾಂಡದಲ್ಲಿ ಯಾಜಕರಿಗೆ ಬಳಕೆಯಾಗಿದ್ದ ಪದವಿದು. ಹೀಬ್ರೂ ಗ್ರಂಥದ ಕ್ರಮದಲ್ಲಿ ರಾಜನಿಗೆ ಅಂಟುವುದು ಇಲ್ಲೇ ಮೊದಲು.

ಆದರೆ ಆಗ ಇಸ್ರಾಯೇಲಿನಲ್ಲಿ ರಾಜನೇ ಇರಲಿಲ್ಲ! ಹಾಡಿಗೂ ಕತೆಗೂ ಬೆಸುಗೆಯೂ ಸರಿಯಾಗಿಲ್ಲ. ಬಂಜೆ ಏಳು ಹೆತ್ತಳು ಅನ್ನುತ್ತದೆ ಹಾಡು. ಕತೆ ಲೆಕ್ಕ ಹಾಕಿದರೆ ಹನ್ನಳಿಗೆ ಒಟ್ಟು ಆರು ಮಕ್ಕಳು. ಹಾಗಾಗಿ ಬಹಳಷ್ಟು ವಿದ್ವಾಂಸರ ಪ್ರಕಾರ ಇದು ಯಾವುದೋ ರಾಜಸ್ತುತಿ, ಆಮೇಲೆ ಯಾರೋ ತಂದು ಇಲ್ಲಿ ಸೇರಿಸಿದ್ದು. ಇರಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲೇಟ್ ಕಮಿಟ್. ಆದರೆ ಲೇಟಾಗಿ ಸೇರಿಸಿದ ಕೋಡ್ ಎಲ್ಲಾ ತಪ್ಪು ಜಾಗದಲ್ಲೇ ಇರುತ್ತೆ ಅಂತೇನಿಲ್ಲವಲ್ಲ. ನನ್ನ ಪ್ರಶ್ನೆ, ಸೇರಿಸಿದವನು ಇದನ್ನು ಇವಳ ಬಾಯಲ್ಲೇ ಯಾಕೆ ಇಟ್ಟ ಅನ್ನೋದು.

ಕ್ರೈಸ್ತ ಬೈಬಲ್ಲಿನಲ್ಲಿ ನಡುವೆ ರೂತಳ ಪುಸ್ತಕ ಇದೆ. ಹೀಬ್ರೂ ಕ್ರಮದಲ್ಲಿ ಹಾಗಿಲ್ಲ. ನ್ಯಾಯಸ್ಥಾಪಕರ ಪುಸ್ತಕ ಮುಗಿದ ಕೂಡಲೇ ಪ್ರವಾದಿಗಳ ಭಾಗದಲ್ಲೇ ಹನ್ನಳ ಕತೆ. ಆ ಪುಸ್ತಕ ಮುಗಿಯುವುದು ಹೆಂಗಸರ ಮೇಲಿನ ಭೀಕರ ಹಿಂಸೆಯಲ್ಲಿ. ಕೊನೆಯ ಮಾತು, ನಾಡಿಗೆ ರಾಜನಿಲ್ಲ, ಎಲ್ಲರೂ ತಮಗೆ ತೋಚಿದ್ದು ಮಾಡುತ್ತಿದ್ದರು ಅಂತ. ಪುಟ ತಿರುಗಿಸಿದರೆ ಇವಳು. ರಾಜ ಬೇಕು ಅನ್ನುವ ಆಸೆ ಸೇನಾಪತಿಯ ಬಾಯಿಂದ ಬಂದಿದ್ದರೆ ಅದು ಬರೀ ರಾಜಕೀಯ ಆಗುತ್ತಿತ್ತು. ತಿಪ್ಪೆಯವನನ್ನು ಎತ್ತುವ ಮಾತಾಡಿದ ಮೇಲಷ್ಟೇ ಹಾಡು ರಾಜನ ಹೆಸರೆತ್ತುತ್ತದೆ. ಬರುವ ರಾಜರಿಗೆಲ್ಲ ಅಳತೆಗೋಲು ಅವರು ಹುಟ್ಟುವ ಮೊದಲೇ ಸಿದ್ಧ.

ತಮಾಷೆ ಅಂದರೆ, ಅವಳ ಮಗ ಸಮುವೇಲನಿಗೆ ರಾಜ ಅಂದರೇ ಆಗುವುದಿಲ್ಲ. ರಾಜ ನಿಮ್ಮ ಗಂಡುಮಕ್ಕಳನ್ನು ರಥಕ್ಕೆ, ಹೆಣ್ಣುಮಕ್ಕಳನ್ನು ಅಡುಗೆಗೆ ಹಿಡಿದುಕೊಂಡು ಹೋಗ್ತಾನೆ ಅಂತ ಜನರಿಗೆ ಎಚ್ಚರಿಸುವವನು ಅವನೇ; ಕೊನೆಗೆ ಸೌಲ, ದಾವೀದ ಇಬ್ಬರ ತಲೆಗೂ ಎಣ್ಣೆ ಸುರಿಯಬೇಕಾದವನೂ ಅವನೇ. ಸೌಲನಿಗೆ ಸುರಿದದ್ದು ಕುಪ್ಪಿಯಿಂದ, ದಾವೀದನಿಗೆ ಕೊಂಬಿನಿಂದ. ತಾಲ್ಮುಡ್ ಇದನ್ನು ಗಮನಿಸಿ, ಹನ್ನಳು ಹಾಡಿದ್ದು ಕೊಂಬಿನ ಬಗ್ಗೆ, ಕುಪ್ಪಿಯ ಬಗ್ಗೆ ಅಲ್ಲ ಅನ್ನುತ್ತದೆ. ಅವಳನ್ನು ಏಳು ಪ್ರವಾದಿನಿಯರಲ್ಲಿ ಒಬ್ಬಳೆಂದು ಎಣಿಸುತ್ತದೆ.

ನನಗೆ ಕಷ್ಟವಾಗುವುದು ಆ ಕರಾರಿನ ಇನ್ನೊಂದು ತುದಿ. ಹಾಲು ಬಿಡಿಸಿದ ಮಗುವನ್ನು ಅವಳು ಬಿಟ್ಟು ಬಂದದ್ದು ಏಲಿಯ ಮನೆಯಲ್ಲಿ. ಅಲ್ಲಿ ಅವನ ಮಕ್ಕಳ ಕಡೆಯವರು ಬಲಿಯ ಪಾತ್ರೆಗೆ ಮೂರು ಮುಳ್ಳಿನ ಕೊಂಡಿ ಹಾಕಿ ಸಿಕ್ಕಷ್ಟು ಮಾಂಸ ಎಳೆದುಕೊಳ್ಳುತ್ತಿದ್ದರು. ಹಾಡಿನಲ್ಲಿ ಮಗನ ಹೆಸರೇ ಇಲ್ಲ. ಆ ಸಂಕಟ ಕತೆಯಲ್ಲಿ ಒಂದೇ ಸಾಲಿನಲ್ಲಿದೆ: ಪ್ರತಿವರ್ಷ ಅವಳು ಒಂದು ಪುಟ್ಟ ಮೇಲಂಗಿ ಹೊಲಿದು ತಂದುಕೊಡುತ್ತಿದ್ದಳು. ಅದಕ್ಕೆ ಹೀಬ್ರೂವಿನಲ್ಲಿ 'ಮೆಯೀಲ್'. ಮುಂದೆ, ಸಮುವೇಲ ಸತ್ತ ಮೇಲೆ, ಸೋಲಿನ ಹಿಂದಿನ ರಾತ್ರಿ ಸೌಲ ಏಂದೋರಿನ ಮಂತ್ರವಾದಿನಿಯ ಹತ್ತಿರ ಹೋಗಿ ಅವನನ್ನು ಎಬ್ಬಿಸಲು ಕೇಳುತ್ತಾನೆ. ಯಾರು ಕಾಣ್ತಿದ್ದಾರೆ ಅಂದರೆ, ಮೆಯೀಲ್ ಹೊದ್ದ ಒಬ್ಬ ಮುದುಕ ಅನ್ನುತ್ತಾಳೆ ಅವಳು. ಸೌಲನಿಗೆ ತಕ್ಷಣ ಗುರುತು ಸಿಗುತ್ತದೆ.